ಅವ್ವನಿಗೆ ನಾನು ಕುಡಿಸಿದ ಸುಣ್ಣದ ತಿಳಿ

ನನ್ನ ಅವ್ವ ದುರುಗಮ್ಮನ ಎಡಗಾಲು ಇವತ್ತಿಗೂ ಅವಳದೇ. ಸ್ವಲ್ಪ ಗಿಡ್ಡವಾಗಿದೆ, ನಡೆಯುವಾಗ ಪಾದ ಹೊರಕ್ಕೆ ತಿರುಗುತ್ತದೆ, ಆದರೂ ಇದೆ. ರಾಯಚೂರಿನ ಒಂದು ಆಸ್ಪತ್ರೆಯಲ್ಲಿ ಆ ಕಾಲನ್ನು ತೊಡೆಯ ನಡುವಿನಿಂದ ತೆಗೆಯಲು ದಿನ ಗೊತ್ತಾಗಿತ್ತು. ಕಾಗದ ತಯಾರಾಗಿತ್ತು. ಅದರ ಕೆಳಗೆ ಅವ್ವನ ಹೆಬ್ಬೆಟ್ಟಿನ ಗುರುತು ಬೀಳುವುದಷ್ಟೇ ಉಳಿದಿತ್ತು.

ಇದಾಗಿ ಆರು ವರ್ಷವಾಯಿತು. ಈ ಕಾಯಿಲೆಯವರು ನಮ್ಮ ಕಡೆ ಇನ್ನೊಬ್ಬರಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಕಳೆದ ತಿಂಗಳು ಸಿರವಾರದ ಕಡೆಯ ಹೆಣ್ಣುಮಗಳೊಬ್ಬಳು ನನ್ನನ್ನು ಹುಡುಕಿಕೊಂಡು ಬಂದಳು. "ನಿಮ್ಮ ಅವ್ವಗ ಎಲುಬು ಕರಗೋ ಬ್ಯಾನಿ ಇತ್ತಂತಲ್ರಿ. ನಮ್ಮ ಮನಿಯವ್ರಿಗೂ ಅದ ಅಂತಾರ. ಬದುಕ್ತಾರೇನ್ರಿ?" ಎಂದು ಕೇಳಿದಳು. ಕೂಡಿಸಿ, ಚಹಾ ಕೊಟ್ಟು, ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ಅವಳು ಬಸ್ಸಿಗೆ ಹೋದ ಮೇಲೆ, ಒಂದು ಮಾತನ್ನು ಮಾತ್ರ ಹೇಳದೆ ಬಿಟ್ಟಿದ್ದೇನೆ ಎಂದು ತಿಳಿಯಿತು. ಅದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಮಾನ್ವಿ ತಾಲೂಕಿನ ಹಿರೇಕೊಟ್ನೆಕಲ್. ಅಪ್ಪ, ಅವ್ವ ಇಬ್ಬರೂ ಕೂಲಿಯವರು. ಕಾಲುವೆಯ ನೀರು ಬಂದು ಸುತ್ತಲಿನ ಹೊಲಗಳು ಗದ್ದೆಗಳಾದ ಮೇಲೆ ಅವ್ವ ಭತ್ತದ ಸಸಿ ಹಚ್ಚಲು ಹೋಗುತ್ತಿದ್ದಳು. ಸಸಿ ಹಚ್ಚುವ ಹೆಂಗಸರು ಸಾಲಾಗಿ ನಿಂತು, ಬಗ್ಗಿ, ಹಿಂದೆ ಹಿಂದೆ ಸರಿಯುತ್ತಾರೆ. ಕೈ ನಿಧಾನವಾದವಳು ಮುಂದೆಯೇ ಉಳಿದುಬಿಡುತ್ತಾಳೆ. ಎಲ್ಲರೂ ಬದುವಿಗೆ ತಲುಪಿದಾಗ, ಎರಡೂ ಕಡೆಯ ಹಸಿರಿನ ನಡುವೆ ಅವಳ ಪಾಲಿನ ಕೆಸರು ಮಾತ್ರ ನಾಲಿಗೆಯಂತೆ ಬೆತ್ತಲೆಯಾಗಿ ಕಾಣುತ್ತದೆ. ಎಲ್ಲರಿಗಿಂತ ಮೊದಲು ಬದು ಮುಟ್ಟುತ್ತಿದ್ದ ಅವ್ವ ಒಂದು ವರ್ಷ ಹಾಗೆ ಉಳಿಯತೊಡಗಿದಳು.

"ದುರುಗವ್ವಾ, ಅಲ್ಲೇ ಮನಿ ಕಟ್ಟತೀಯೇನ ಬೇ?" ಎಂದು ಬದುವಿನ ಮೇಲಿಂದ ಕೂಗುತ್ತಿದ್ದರು.

"ಕಟ್ಟತೀನಿ. ಮುಂದ ಒಂದು ಕಟ್ಟಿನೂ ಹಾಕಸ್ತೀನಿ, ನಿಮ್ಮಂಥ ಸೋಮಾರಿಗಳು ಕುಂದ್ರಾಕ ಬೇಕಲ್ಲ," ಎನ್ನುತ್ತಿದ್ದಳು ಅವ್ವ.

ಮನೆಗೆ ಬಂದ ಮೇಲೆ ಆ ಮಾತು ಇರುತ್ತಿರಲಿಲ್ಲ. ನೆಲದಿಂದ ಏಳಲು ಕಂಬ ಹಿಡಿಯಬೇಕಿತ್ತು. ಎಲುಬಿನೊಳಗೆ ಯಾರೋ ಕೂತು ಕಡಿಯುತ್ತಿದ್ದಾರೆ ಎನ್ನುತ್ತಿದ್ದಳು. ಎಷ್ಟು ಕುಡಿದರೂ ತೀರದ ನೀರಡಿಕೆ.

ನಾನು ನಮ್ಮ ಕೇರಿಯಲ್ಲಿ ಮೊದಲು ಪದವಿ ಪಡೆದವಳು. ರಾಯಚೂರಿನ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಮುಗಿಸಿದ್ದೆ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ದೇವದುರ್ಗದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಕೆಲಸ ಸಿಕ್ಕಿತು. ಒಂದು ಕೋಣೆ ಬಾಡಿಗೆಗೆ ಹಿಡಿದು ಅವ್ವನನ್ನು ಕರೆದುಕೊಂಡು ಬಂದೆ. ಅಪ್ಪ ಊರಲ್ಲೇ ಉಳಿದು ವಾರಕ್ಕೊಮ್ಮೆ ಬಂದು ಹೋಗುತ್ತಿದ್ದ.

ಅಲ್ಲಿನ ವೈದ್ಯರೊಬ್ಬರು, ಒಳ್ಳೆಯವರು, ಎಲುಬು ಸವೆದಿವೆ ಎಂದು ಕ್ಯಾಲ್ಸಿಯಂ ಗುಳಿಗೆ, ಮೀನೆಣ್ಣೆಯ ಗುಳಿಗೆ ಬರೆದುಕೊಟ್ಟರು. ದಿನವೆಲ್ಲ ಗದ್ದೆಯಲ್ಲಿ ಬಗ್ಗಿ ದುಡಿದ ಹೆಂಗಸಿನ ಮೈನೋವಿಗೆ ಯಾರಾದರೂ ಅದನ್ನೇ ಕೊಡುತ್ತಿದ್ದರು. ಅವರಲ್ಲಿ ತಪ್ಪಿರಲಿಲ್ಲ. ಅದರ ಮೇಲೆ ನಾನು ಮಾಡಿದ್ದೇ ಬೇರೆ.

ನಮ್ಮಲ್ಲಿ ಸುಣ್ಣದ ತಿಳಿ ಕುಡಿಸುವ ರೂಢಿಯಿದೆ. ಎಲೆ ಅಡಿಕೆಗೆ ಹಚ್ಚುವ ಸುಣ್ಣವನ್ನು ಹುಣಸೆ ಬೀಜದಷ್ಟು ತೆಗೆದು ಒಂದು ಚರಿಗೆ ನೀರಿನಲ್ಲಿ ಕದಡಿ ಇಡುತ್ತಾರೆ. ಬೆಳಿಗ್ಗೆ ತಳ ಕದಡದಂತೆ ಮೇಲಿನ ತಿಳಿಯನ್ನಷ್ಟೇ ಬಸಿದು, ತಡವಾಗಿ ನಡೆಯುವ ಮಕ್ಕಳಿಗೆ, ಬಾಣಂತಿಯರಿಗೆ ಒಂದೊಂದು ಚಮಚ ಕೊಡುತ್ತಾರೆ. ನಮ್ಮ ಅಜ್ಜಿಯೂ ಕೊಡುತ್ತಿದ್ದಳು. ನಾನು ಆ ವಾರ ಎಂಟನೆಯ ತರಗತಿಗೆ ಎಲುಬಿನ ಪಾಠ ಮಾಡುತ್ತಿದ್ದೆ. ಎಲುಬಿನಲ್ಲಿರುವುದು ಕ್ಯಾಲ್ಸಿಯಂ, ಸುಣ್ಣದಲ್ಲಿರುವುದೂ ಕ್ಯಾಲ್ಸಿಯಂ. ಅಪ್ಪ ಬಂದಾಗ ಅದನ್ನು ಪಾಟಿಯ ಮೇಲೆ ಬರೆದು ತೋರಿಸಿದೆ. ಓದು ಬಾರದ ಅಪ್ಪ ಬಹಳ ಹೊತ್ತು ಆ ಪಾಟಿಯನ್ನು ನೋಡಿ, "ಹಂಗಾರ ನಿಮ್ಮ ಆಯಿ ಸುಳ್ಳು ಹೇಳಿರ್ಲಿಲ್ಲ," ಎಂದ.

ಅಜ್ಜಿ ಚಮಚದಲ್ಲಿ ಕೊಟ್ಟದ್ದನ್ನು ನಾನು ಲೋಟದಲ್ಲಿ ಕೊಟ್ಟೆ. ಬೆಳಿಗ್ಗೆ ಒಂದು, ಸಂಜೆ ಒಂದು. ಗುಣ ಕಾಣದಿದ್ದಾಗ ಸುಣ್ಣದ ಉಂಡೆಯನ್ನು ಬಾರೀಹಣ್ಣಿನಷ್ಟು ದೊಡ್ಡದು ಮಾಡಿದೆ. ಅಜ್ಜಿಗೆ ಕಾರಣ ಗೊತ್ತಿರಲಿಲ್ಲ, ಅಳತೆ ಗೊತ್ತಿತ್ತು. ನನಗೆ ಕಾರಣ ಗೊತ್ತಿದೆ ಎಂಬ ಧೈರ್ಯವಿತ್ತು.

"ಗಂಟಲ ಸುಡ್ತದ ಬೇ," ಎನ್ನುತ್ತಿದ್ದಳು ಅವ್ವ.

"ಕುಡಿ. ಎಲುಬಿಗಿ ಬೇಕು."

"ಓದಿದಾಕಿ ನೀನು. ಕೊಡು ಇಲ್ಲಿ."

ಕುಡಿದು ವಾಂತಿ ಮಾಡಿಕೊಳ್ಳುತ್ತಿದ್ದಳು. ಒಂದು ಕೊಡ ನೀರು ಒಬ್ಬಳಿಗೇ ಸಾಲುತ್ತಿರಲಿಲ್ಲ. ಹಿತ್ತಲಿಗೆ ಹೋಗಿ ಬಂದು ಕೂರುವಷ್ಟರಲ್ಲಿ ಮತ್ತೆ ಹೋಗಬೇಕು. ಮಾತು ಕಡಿಮೆಯಾಯಿತು. ಕೆಲವು ಸಲ ನನ್ನನ್ನು ನೋಡುತ್ತಲೇ ಯಾರೆಂದು ತಿಳಿಯದವಳಂತೆ ಕೂರುತ್ತಿದ್ದಳು. ರೋಗ ಹೆಚ್ಚುತ್ತಿದೆ ಎಂದುಕೊಂಡು ನಾನು ಮತ್ತಷ್ಟು ಸುಣ್ಣ ಕದಡಿದೆ.

ನಾಗರ ಪಂಚಮಿ ಹತ್ತಿರ ಬಂತು. ನಮ್ಮ ಓಣಿಗೆ ಬಳೆ ಇಡಲು ಖಾಜಾಬಿ ಎಂಬ ಮುದುಕಿ ಬರುತ್ತಿದ್ದಳು. ಹಿಂದಿನ ವರ್ಷವೂ ಅವ್ವನಿಗೆ ಬಳೆ ಇಟ್ಟವಳು ಅವಳೇ. ಬಳೆ ಇಡುವವರು ಮೊದಲು ಕೈಯನ್ನು ನಾದುತ್ತಾರೆ. ಹೆಬ್ಬೆರಳಿನ ಬುಡವನ್ನು ಒಳಗೆ ಒತ್ತಿ, ಬೆರಳಿನ ಗೆಣ್ಣುಗಳನ್ನು ಮಡಿಸಿ, ಕೈ ಕಿರಿದು ಮಾಡಿ, ಆಮೇಲೆ ಬಳೆ ಏರಿಸುತ್ತಾರೆ. ಖಾಜಾಬಿ ಒತ್ತಿದ್ದೇ ತಡ ಅವ್ವ ಚೀರಿದಳು. ಮುದುಕಿ ತಟ್ಟನೆ ಕೈ ಬಿಟ್ಟಳು. ಮತ್ತೆ ಹಗೂರಕ್ಕೆ ಹಿಡಿದು, ಬೆರಳ ತುದಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು.

"ದುರುಗಮ್ಮ, ಹ್ವಾದ ಪಂಚಮಿಗಿ ಇದೇ ಅಳತಿ ಬಳಿ ಇಡಾಕ ಎಷ್ಟು ಎಣ್ಣಿ ಹಚ್ಚಿ ಒದ್ದಾಡೀವಿ, ನೆಪ್ಪದ ಏನು? ಈಗ ನೋಡು, ಎಣ್ಣಿ ಇಲ್ಲದ ಜಾರಿ ಹೋಗ್ತದ."

"ಸೊರಗೀನಿ ಬಿಡ ಯವ್ವಾ."

"ಸೊರಗಿದ್ರ ಮಾಂಸ ಹೋಗ್ತದ, ಎಲುಬು ಹೋಗಾದಿಲ್ಲ. ನನ್ನ ಜಲ್ಮ ಎಲ್ಲಾ ಕೈ ಹಿಡಿಯಾದ್ರಾಗ ಹೋಗ್ಯಾದ. ಬಾಣಂತಿ ಕೈ ಗೊತ್ತು, ಮುದುಕಿ ಕೈ ಗೊತ್ತು, ಉಪಾಸ ಬಿದ್ದೋರ ಕೈ ಗೊತ್ತು. ಇದು ಅವ್ಯಾವೂ ಅಲ್ಲ. ಬೆರಳಿನ ತುದಿಯಾಗ ಎಲುಬೇ ಇಲ್ಲ. ಉಗುರಿನ ಕೆಳಗ ಮೇಣ ಇದ್ದಂಗ ಅದ." ಆಮೇಲೆ ನನ್ನ ಕಡೆ ತಿರುಗಿದಳು. "ಟೀಚರಮ್ಮ, ಈ ಕೈ ದೊಡ್ಡ ದವಾಖಾನಿಗಿ ತೋರ್ಸು."

"ಎಲುಬಿಗಿ ಔಷಧ ಕೊಡಾಕತ್ತೀನಿ. ನೀ ಬಳಿ ಇಡು, ಸಾಕು," ಎಂದೆ ನಾನು.

"ಇಡ್ತೀನವ್ವ. ನನ್ನ ಕೆಲಸ ಅದೇ ಅಲ್ಲೇನು," ಎಂದಳು. ಹಸಿರು ಬಳೆಗಳು ಒಂದರ ಹಿಂದೊಂದು ಸಲೀಸಾಗಿ ಮಣಿಕಟ್ಟಿಗೆ ಇಳಿದವು. ಅದನ್ನು ನಾನು ಕಣ್ಣಾರೆ ನೋಡಿದೆ.

ಅವ್ವನ ಎಡ ಮೊಣಕಾಲಿನ ಕೆಳಗೆ ಗಂಟು ಕಾಣಿಸಿಕೊಂಡಿದ್ದು ಅದಾದ ಎರಡು ತಿಂಗಳಿಗೆ. ನಿಂಬೆಹಣ್ಣಿನಷ್ಟಿದ್ದದ್ದು ದೊಡ್ಡದಾಯಿತು. ಒಂದು ಬೆಳಿಗ್ಗೆ ಹೊಸ್ತಿಲು ದಾಟಲು ಎಡಗಾಲು ಊರಿದ್ದಾಳೆ, ಒಣಗಿದ ಜೋಳದ ದಂಟು ಮುರಿದಂಥ ಸದ್ದು ಕೇಳಿತು. ನಾನು ಒಳಗೆ ಸೀರೆಯ ನೆರಿಗೆ ಹಿಡಿಯುತ್ತಿದ್ದೆ. ಹೊರಗೆ ಏನೋ ಬಿತ್ತು ಎಂದುಕೊಂಡೆ. ಬಂದು ನೋಡಿದರೆ ಅವ್ವ ಹೊಸ್ತಿಲ ಮೇಲೆ ಕೂತು ತನ್ನ ಕಾಲನ್ನು ಬೇರೆಯವರ ಕಾಲು ನೋಡುವಂತೆ ನೋಡುತ್ತಿದ್ದಳು. ಅದು ಮಡಿಚಬಾರದ ಜಾಗದಲ್ಲಿ ಮಡಿಚಿತ್ತು.

ಪಕ್ಕದವರು ಜೀಪು ಮಾಡಿಕೊಟ್ಟರು. ರಾಯಚೂರಿನವರೆಗೆ ಅವ್ವನ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ದಾರಿಯ ಪ್ರತಿಯೊಂದು ತಗ್ಗೂ ನನ್ನ ತೊಡೆಗೆ ಇನ್ನೂ ನೆನಪಿದೆ.

ಆಸ್ಪತ್ರೆಯ ಶಸ್ತ್ರವೈದ್ಯರು ಕಾಲಿನ ಎಕ್ಸರೇಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ವಯಸ್ಸಿನಲ್ಲಿ ನನಗಿಂತ ಸ್ವಲ್ಪವೇ ದೊಡ್ಡವರು. ಗಂಟು ಇದ್ದ ಕಡೆ ಎಲುಬು ಇರಲಿಲ್ಲ, ಕಪ್ಪು ಮಾತ್ರ ಇತ್ತು. "ಕ್ಯಾನ್ಸರ್ ಇದ್ದಂಗ ಅದ. ಮ್ಯಾಲಿಂದ ತೆಗೀಬೇಕಾಗ್ತದ," ಎಂದರು. ಊರಿನಿಂದ ಬಂದಿದ್ದ ಅಪ್ಪ ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.

"ಕಾಲು ತಗದ್ರ ಜೀವ ಉಳಿತಾದೇನ್ರಿ ಸಾಹೇಬ್ರ?"

"ಉಳೀಬಹುದು. ತೆಗೀಲಿಲ್ಲಂದ್ರ ಉಳಿಯಾದಿಲ್ಲ."

ಅವ್ವನಿಗೆ ವರಾಂಡದಲ್ಲೇ ಮಂಚ ಹಾಕಿಕೊಟ್ಟರು. ಮೂರು ದಿನ ಅದರ ಪಕ್ಕದ ಬೆಂಚಿನ ಮೇಲೆ ಕಳೆದೆವು. ಕಾಯುವುದು ಎಂದರೆ ಏನೆಂದು ಅಲ್ಲಿ ಕಲಿತೆ. ಬಾಗಿಲು ತೆರೆದಾಗಲೆಲ್ಲ ಬೆಂಚಿನವರೆಲ್ಲ ಒಟ್ಟಿಗೆ ತಲೆ ಎತ್ತುತ್ತಿದ್ದರು, ಒಟ್ಟಿಗೆ ತಗ್ಗಿಸುತ್ತಿದ್ದರು. ಗಂಡನ ಬೆನ್ನುನೋವಿಗೆಂದು ಶಕ್ತಿನಗರದಿಂದ ಬಂದಿದ್ದ ಒಬ್ಬ ಹೆಂಗಸಿಗೆ ತೆಲುಗು ಬಿಟ್ಟು ಬೇರೆ ಮಾತು ಬರುತ್ತಿರಲಿಲ್ಲ. ಅವಳು ಏನೂ ಕೇಳದೆ ದಿನವೂ ಅವ್ವನ ತಲೆ ಬಾಚಿ ಹೆರಳು ಹಾಕುತ್ತಿದ್ದಳು. ಅವಳ ಹೆಸರನ್ನೂ ನಾನು ಕೇಳಲಿಲ್ಲ.

ಎರಡನೆಯ ದಿನ ಅವ್ವ ಕೇಳಿದಳು: "ಶಾಂತಾ, ತಗದ ಕಾಲು ಏನ್ ಮಾಡತಾರ?"

"ಗೊತ್ತಿಲ್ಲ ಬೇ."

"ಕೇಳು. ಹುಗಿಯಾದಿದ್ರ ನಮ್ಮೂರಾಗ ಹುಗೀರಿ. ಅರ್ಧ ಇಲ್ಲಿ, ಅರ್ಧ ಅಲ್ಲಿ ಆಗಬಾರ್ದು ನಂದು."

ಅಪ್ಪ ಎದ್ದು ಹೊರಗೆ ಹೋದ. ಬಹಳ ಹೊತ್ತು ಬರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ನರ್ಸಮ್ಮ ಒಪ್ಪಿಗೆಯ ಕಾಗದ ಮತ್ತು ಶಾಯಿಯ ಡಬ್ಬಿ ತಂದಳು. ಅವ್ವನ ಎಡ ಹೆಬ್ಬೆರಳನ್ನು ಶಾಯಿಗೆ ಅದ್ದಿ ಕಾಗದದ ಮೇಲೆ ಒತ್ತಿದಳು. ಗೆರೆಗಳು ಮೂಡಲಿಲ್ಲ. ಅಗಲವಾದ ಒಂದು ಕಲೆ ಬಿತ್ತು.

"ಗಟ್ಟಿ ಊರಬೇಕವ್ವ."

"ಊರೀನಿ ತಾಯಿ."

ನರ್ಸಮ್ಮ ತಾನೇ ಹಿಡಿದು ಒತ್ತಿದಳು. ಅವ್ವ ಹಲ್ಲು ಕಚ್ಚಿದಳು. ಆಗ ನನಗೆ ಕಂಡಿತು. ಹೆಬ್ಬೆರಳಿನ ತುದಿ ಹಿಂದಕ್ಕೆ ಮಡಿಚಿಕೊಂಡಿತ್ತು. ಉಗುರು ಅಗಲವಾಗಿ, ಮೋಟಾಗಿ, ಒಳಗೆ ಆಧಾರವಿಲ್ಲದೆ ಕೂತಿತ್ತು. "ಇದು ನಡಿಯಾದಿಲ್ಲ, ಬ್ಯಾರೆ ಕಾಗದ ತರ್ತೀನಿ," ಎಂದು ನರ್ಸಮ್ಮ ಒಳಗೆ ಹೋದಳು. ಉಗುರಿನ ಕೆಳಗ ಮೇಣ ಇದ್ದಂಗ ಅದ. ಖಾಜಾಬಿಯ ಮಾತು ಪಕ್ಕದಲ್ಲಿ ನಿಂತು ಹೇಳಿದಷ್ಟು ಸ್ಪಷ್ಟವಾಗಿ ಕೇಳಿತು.

ಹೈದರಾಬಾದಿನಿಂದ ವಾರಕ್ಕೊಮ್ಮೆ ಬರುವ ಹಿರಿಯ ವೈದ್ಯರೊಬ್ಬರು ಅವತ್ತು ಆ ಕಡೆಯ ಕೋಣೆಯಲ್ಲಿ ಕೂತಿದ್ದರು. ಎಲುಬಿನವರಲ್ಲ, ಜ್ವರ, ಹೊಟ್ಟೆ, ಮೂತ್ರದ ರೋಗ ನೋಡುವವರು. ಸರದಿಯಲ್ಲಿದ್ದವರನ್ನು ಸರಿಸಿ ಒಳಗೆ ನುಗ್ಗಿದೆ.

"ಸಾರ್, ನಮ್ಮ ಅವ್ವನ ಕೈ ಒಮ್ಮೆ ನೋಡ್ರಿ."

"ಏನಾಗ್ಯಾದ ಕೈಗೆ?"

"ಕಾಲು ತೆಗೀತಾರ್ರಿ. ಆದ್ರ ಕೈ ನೋಡ್ರಿ. ಬಳಿ ಇಡೋ ಮುದುಕಿ ಹೇಳ್ಯಾಳ." ಹೇಳುವಾಗಲೇ ನಾಚಿಕೆಯಾಯಿತು. ಬಿ.ಎಸ್ಸಿ. ಓದಿದವಳು ಬಳೆಗಾರ ಮುದುಕಿಯ ಮಾತು ಹಿಡಿದು ನಿಂತಿದ್ದೆ.

ಅವರು ನಗಲಿಲ್ಲ. ಪೆನ್ನು ಕೆಳಗಿಟ್ಟರು. "ಆಕಿ ಏನಂದ್ಲು? ಅಂದಂಗ ಹೇಳಮ್ಮ," ಎಂದರು.

ಹೇಳಿದೆ. ಎಣ್ಣೆಯಿಲ್ಲದೆ ಜಾರಿದ ಬಳೆ, ಮೇಣದಂಥ ಬೆರಳು, ಎಲ್ಲ ಹೇಳಿದೆ. ಅವರು ಎದ್ದು ನನ್ನ ಹಿಂದೆ ಬಂದರು. ನರ್ಸಮ್ಮ ಹೊಸ ಕಾಗದ ಹಿಡಿದು ನಿಂತಿದ್ದಳು. ಅದನ್ನು ಪಕ್ಕಕ್ಕೆ ಇಡಲು ಹೇಳಿ, ಅವ್ವನ ಎರಡೂ ಕೈಗಳ ಎಕ್ಸರೇ ತೆಗೆಸಿದರು.

ಆ ಫಿಲ್ಮನ್ನು ನಾನೂ ನೋಡಿದೆ. ಗೆದ್ದಲು ತಿಂದ ಕಾಗದದ ಅಂಚಿನ ಹಾಗೆ ಬೆರಳಿನ ಎಲುಬುಗಳ ಅಂಚು ಹರಿದಿತ್ತು. ತುದಿಗಳು ಇರಲೇ ಇಲ್ಲ. ಶಸ್ತ್ರವೈದ್ಯರೂ ಬಂದು ಬಹಳ ಹೊತ್ತು ನೋಡಿದರು. "ನಾನು ಕಾಲೊಂದೇ ನೋಡಿದೆ," ಎಂದು ಮೆಲ್ಲಗೆ ಹೇಳಿ, ಒಪ್ಪಿಗೆಯ ಕಾಗದವನ್ನು ತಾವೇ ಹರಿದರು. ಅವರ ಬಗ್ಗೆ ನನಗೆ ಗೌರವವಿದೆ.

ಹಿರಿಯ ವೈದ್ಯರು ಅವ್ವನ ಪಕ್ಕದಲ್ಲಿ ಕೂತು ಒಂದೊಂದಾಗಿ ಕೇಳಿದರು. ನೀರಡಿಕೆ? ವಾಂತಿ? ಮರೆವು? ಎಲ್ಲದಕ್ಕೂ ಹೌದು. ಕೊನೆಗೆ, "ಏನು ಔಷಧ ಕೊಡ್ತಿದ್ರಿ?" ಎಂದರು. ಗುಳಿಗೆಗಳ ಹೆಸರು ಹೇಳಿ ನಾನು ಸುಮ್ಮನಾದೆ. ಅವ್ವನೇ ಮುಂದುವರಿಸಿದಳು. ಆ ದಿನಗಳಲ್ಲಿ ಅವಳು ಅಷ್ಟು ಉದ್ದ ಮಾತಾಡಿದ್ದು ಅದೊಂದೇ ಸಲ.

"ಸುಣ್ಣದ ತಿಳಿನೂ ಕುಡಿಸ್ತಾಳ್ರಿ. ಮುಂಜಾನಿ ಒಂದು ಗ್ಲಾಸು, ಸಂಜಿಗಿ ಒಂದು ಗ್ಲಾಸು. ಒಂದು ದಿನ ತಪ್ಪಿಸಿಲ್ಲ. ಭಾಳ ಜ್ವಾಕಿ ಮಾಡ್ತಾಳ್ರಿ ನನ್ನ ಮಗಳು."

ವೈದ್ಯರು ನನ್ನ ಮುಖ ನೋಡಿದರು. ಬೈದಿದ್ದರೆ ಒಳ್ಳೆಯದಿತ್ತು. "ಇವತ್ತಿಂದ ಅವೆಲ್ಲ ಬಂದ್ ಮಾಡಮ್ಮ," ಎಂದು ಶುರು ಮಾಡಿ ತಿಳಿಸಿ ಹೇಳಿದರು. ಗಂಟಲಿನ ಹತ್ತಿರ ಕಾಳಿನಷ್ಟು ಸಣ್ಣ ಗ್ರಂಥಿಗಳಿರುತ್ತವೆ. ಅವುಗಳಲ್ಲೊಂದು ಕೆಟ್ಟು ಬೆಳೆದರೆ, ಎಲುಬಿನ ಸುಣ್ಣವನ್ನೆಲ್ಲ ರಕ್ತಕ್ಕೆ ಎಳೆಯುತ್ತದೆ. ಕಾಲಿನ ಗಂಟು ಅದರ ಗುರುತೇ ಇರಬೇಕು. ರಕ್ತ ಪರೀಕ್ಷೆಯಾಗಲಿ, ಆಮೇಲೆ ಖಾತ್ರಿ ಹೇಳುತ್ತೇನೆ ಎಂದರು.

"ಈಕಿ ಮೈಯಾಗ ಸುಣ್ಣ ಕಡಿಮಿ ಇಲ್ಲ. ರಕ್ತದಾಗ ವಿಪರೀತ ಇರಬೇಕು. ಮ್ಯಾಲ ನೀನೂ ಹಾಕೀದಿ. ಇನ್ನೊಂದಿಷ್ಟು ದಿನ ಹೋಗಿದ್ರ ಎಚ್ಚರ ತಪ್ಪತಿತ್ತು, ಎದಿ ನಿಲ್ಲತಿತ್ತು."

ಆ ಮಾತು ನನ್ನೊಳಗೆ ಈಗಲೂ ಮುಗಿದಿಲ್ಲ. ಪಾಠ ಮಾಡುವಾಗ, ಬಸ್ಸಿನಲ್ಲಿ ಕೂತಾಗ, ಎಲ್ಲ ಮೊದಲಿನಿಂದ ಶುರುವಾಗುತ್ತದೆ. ಲೋಟ ಎತ್ತುತ್ತೇನೆ, ಅವ್ವ ಬಾಯಿ ತೆರೆಯುತ್ತಾಳೆ. ಆದರೆ ಈ ಸಲ ಹೆಬ್ಬೆಟ್ಟಿನ ಗೆರೆ ಮೊದಲ ಒತ್ತಿಗೇ ಸರಿಯಾಗಿ ಮೂಡುತ್ತದೆ. ಖಾಜಾಬಿ ಆ ಪಂಚಮಿಗೆ ನಮ್ಮ ಓಣಿಗೆ ಬರುವುದೇ ಇಲ್ಲ.

ರಕ್ತ ಹೈದರಾಬಾದಿಗೆ ಹೋಯಿತು, ಅವರ ಮಾತೇ ನಿಜವಾಯಿತು. ಅವ್ವನೂ ಹೋದಳು, ರೈಲಿನಲ್ಲಿ, ಕಾಲಿಗೆ ಪಟ್ಟಿ ಹಾಕಿಸಿಕೊಂಡು. ಅಲ್ಲಿ ಕುತ್ತಿಗೆ ಕೊಯ್ದು ಆ ಗ್ರಂಥಿಯನ್ನು ತೆಗೆದರು. ಕ್ಯಾನ್ಸರ್ ಆಗಿರಲಿಲ್ಲ. ಎಷ್ಟಿತ್ತು ಎಂದು ಅಪ್ಪ ಕೇಳಿದ. ಹುಣಸೆ ಬೀಜಕ್ಕಿಂತ ಸ್ವಲ್ಪ ದೊಡ್ಡದು ಎಂದರು. ನಾನು ಸುಣ್ಣ ಅಳೆಯಲು ಶುರು ಮಾಡಿದ್ದೂ ಹುಣಸೆ ಬೀಜದಿಂದಲೇ. ಅಪ್ಪ ನನ್ನ ಕಡೆ ನೋಡಲಿಲ್ಲ.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮೂರನೆಯ ದಿನ ಅವ್ವನ ತುಟಿಗಳು ಜುಮ್ಮೆಂದವು, ಎರಡೂ ಕೈಬೆರಳುಗಳು ಸೆಟೆದು ಒಳಗೆ ಮಡಿಚಿಕೊಂಡವು. ನರ್ಸು ಓಡಿ ಬಂದು ಸೂಜಿ ಕೊಟ್ಟಳು. ಇಷ್ಟು ವರ್ಷ ಹಸಿದ ಎಲುಬುಗಳು ಈಗ ರಕ್ತದ ಸುಣ್ಣವನ್ನೆಲ್ಲ ಒಟ್ಟಿಗೆ ಹೀರುತ್ತಿವೆ, ಹೀಗಾಗುತ್ತದೆ, ಹೆದರಬೇಡಿ ಎಂದಳು. ಆಮೇಲೆ ನನ್ನ ಅಂಗೈಯಲ್ಲಿ ಬಿಳಿ ಗುಳಿಗೆಗಳನ್ನಿಟ್ಟು, ದಿನಕ್ಕೆ ನಾಲ್ಕು ಸಲ ಕೊಡಿ ಎಂದಳು. ಕ್ಯಾಲ್ಸಿಯಂ ಗುಳಿಗೆಗಳು.

ನನಗೆ ಕೈ ಎತ್ತಲು ಆಗಲಿಲ್ಲ.

"ಕೊಡು ಬೇ," ಎಂದಳು ಅವ್ವ. ಅವಳ ಬೆರಳುಗಳು ಹಿಡಿಯುವ ಸ್ಥಿತಿಯಲ್ಲಿರಲಿಲ್ಲ.

"ನಾ ಕೊಡಂಗಿಲ್ಲ. ಸಿಸ್ಟರ್ ಕೊಡ್ತಾಳ."

ಕುತ್ತಿಗೆಯ ಪಟ್ಟಿಯಿಂದಾಗಿ ಅವ್ವನ ದನಿ ಸಣ್ಣಗಿತ್ತು. "ಅವತ್ತು ಡಾಕ್ಟರ ಹೇಳಿದ್ದು ನಾನೂ ಕೇಳೀನಿ. ಕಾಲು ಮುರದಿತ್ತು, ಕಿವಿ ಮುರದಿರ್ಲಿಲ್ಲ." ನಾನು ತಲೆ ಎತ್ತಲಿಲ್ಲ. "ಸುಣ್ಣ ಕುಡಿಸಿದಾಕಿ ನೀನು, ಈ ಕೈ ತೋರಿಸಿದಾಕೀನೂ ನೀನು. ನಿನ್ನ ಕೈ ಬಿಟ್ಟು ಬ್ಯಾರೇರ ಕೈಲೆ ನುಂಗಂಗಿಲ್ಲ ನಾ. ಹಾಕು ಬಾಯಾಗ."

ಹಾಕಿದೆ. ನೀರಿನ ಲೋಟವನ್ನು ಅವಳ ತುಟಿಗೆ ಹಿಡಿದೆ.

ಸಿರವಾರದ ಹೆಣ್ಣುಮಗಳಿಗೆ ಹೇಳದೆ ಬಿಟ್ಟ ಮಾತು ಇದೇ. ತಂಗಿ, ನಿನ್ನ ಗಂಡನಿಗೆ ನೀನೂ ಏನಾದರೂ ಪ್ರೀತಿಯಿಂದ ಕುಡಿಸುತ್ತಿರಬಹುದು. ವೈದ್ಯರ ಮುಂದೆ ಅದನ್ನು ಮುಚ್ಚಿಡಬೇಡ. ನನ್ನ ಬಾಯಿಂದ ಬರದ ಮಾತು ಅವ್ವನ ಬಾಯಿಂದ ಬಂದದ್ದಕ್ಕೇ ನಾವು ಉಳಿದೆವು.

ಮುರಿದ ಕಾಲು ಕೂಡಲು ತಿಂಗಳುಗಟ್ಟಲೆ ಹಿಡಿಯಿತು. ಗಂಟು ತಾನಾಗಿಯೇ ಗಟ್ಟಿಯಾಯಿತು. ಬೆರಳ ತುದಿಗಳು ಮೋಟಾಗಿಯೇ ಉಳಿದವು. ಅವ್ವ ಮತ್ತೆ ಎಲೆ ಅಡಿಕೆ ಹಾಕಿಕೊಳ್ಳಲು ಶುರು ಮಾಡಿದಾಗ, ಸುಣ್ಣದ ಡಬ್ಬಿ ಕೇಳಿದರೆ ನಾನು ತಡೆದು ನಿಲ್ಲುತ್ತಿದ್ದೆ. "ಎಲಿಗಿ ಹಚ್ಚಾಕ ಬೇ, ಕುಡಿಯಾಕಲ್ಲ," ಎನ್ನುತ್ತಿದ್ದಳು. ಅಪ್ಪ ನಗುತ್ತಿದ್ದ. ನನಗೆ ಇನ್ನೂ ನಗಲು ಬಂದಿಲ್ಲ.

ಮರುವರ್ಷದ ಪಂಚಮಿಗೆ ಖಾಜಾಬಿ ಬಂದಳು. ನಾನು ಅವಳ ಬುಟ್ಟಿ ಇಳಿಸಿಕೊಂಡು, ನಡೆದದ್ದನ್ನೆಲ್ಲ ಹೇಳಿ, ಅವತ್ತು ನಿನ್ನ ಮಾತು ಕೇಳಲಿಲ್ಲ, ತಪ್ಪಾಯಿತು ಎಂದೆ.

"ಯಾರು ಕೇಳ್ತಾರ ತಗೋ," ಎಂದಳು ಮುದುಕಿ. "ಬಳಿ ಚೊಲೋ ಅದಾವಂದ್ರ ಅದನ್ನೂ ನಂಬಾದಿಲ್ಲ. ದುರುಗಮ್ಮ, ಕೈ ಕೊಡು."

ಅವ್ವ ಕೈ ಚಾಚಿದಳು. ಖಾಜಾಬಿ ಹೆಬ್ಬೆರಳಿನ ಬುಡವನ್ನು ಮೊದಲು ಮೆಲ್ಲಗೆ ಒತ್ತಿದಳು, ಆಮೇಲೆ ಸ್ವಲ್ಪ ಜೋರಾಗಿ ಒತ್ತಿದಳು. ಅವ್ವ ಚೀರಲಿಲ್ಲ. ಹಸಿರು ಬಳೆಯೊಂದನ್ನು ಬೆರಳುಗಳ ಮೇಲಿಂದ ತಳ್ಳಿದಳು. ಅದು ಗೆಣ್ಣುಗಳ ಹತ್ತಿರ ನಿಂತಿತು. ಮತ್ತೆ ಒತ್ತಿದಳು. ಬಳೆ ಮುಂದೆ ಹೋಗಲಿಲ್ಲ. ಮುದುಕಿ ಬಳೆಯನ್ನು ಅಲ್ಲೇ ಬಿಟ್ಟು, ಅವ್ವನ ಮುಖ ನೋಡಿ, ನನ್ನ ಕಡೆ ತಿರುಗಿದಳು.

"ಟೀಚರಮ್ಮ," ಎಂದಳು, "ಒಳಗ ಹೋಗಿ ಒಂದಿಷ್ಟು ಎಣ್ಣಿ ತಾ."